ಗ್ರಾಫಿಕ್ ಡಿಸೈನ್ ಪದವಿ: ಫೀಸು ಕಟ್ಟುವ ಮುನ್ನ

ದ್ವಿತೀಯ ಪಿಯು ಫಲಿತಾಂಶ ಬರಲಿ, ಆಮೇಲೆ ನೋಡೋಣ ಎಂದು ಕೂತವರಿಗೆ ಡಿಸೈನ್ ಶಾಲೆಗಳ ದೊಡ್ಡ ಬಾಗಿಲುಗಳು ಅಷ್ಟರಲ್ಲಿ ಮುಚ್ಚಿರುತ್ತವೆ. ಐಐಟಿಗಳ ಡಿಸೈನ್ ಪದವಿ ಬಿ.ಡೆಸ್ ಪ್ರವೇಶಕ್ಕೆ ಐಐಟಿ ಬಾಂಬೆ ನಡೆಸುವ ಯುಸೀಡ್ ಪರೀಕ್ಷೆಗೆ ಸಾಮಾನ್ಯವಾಗಿ ಅಕ್ಟೋಬರ್ ಹೊತ್ತಿಗೆ ಅರ್ಜಿ ಕರೆಯುತ್ತಾರೆ, ಪರೀಕ್ಷೆ ಜನವರಿಯಲ್ಲಿ. ರಾಷ್ಟ್ರೀಯ ವಿನ್ಯಾಸ ಸಂಸ್ಥೆ ಎನ್‌ಐಡಿಯ ಪ್ರವೇಶ ಪರೀಕ್ಷೆ ‘ಡ್ಯಾಟ್’ನ ಪ್ರಿಲಿಮ್ಸ್ ಕೂಡ ಹೆಚ್ಚುಕಡಿಮೆ ಅದೇ ಸಮಯಕ್ಕೆ. ಹಾಗಾಗಿ ದಸರಾ ರಜೆಯಲ್ಲೇ ಆಯಾ ಸಂಸ್ಥೆಯ ವೆಬ್‌ಸೈಟು ತೆರೆದು ಆ ವರ್ಷದ ದಿನಾಂಕ ಬರೆದಿಟ್ಟುಕೊಳ್ಳಿ. ಕಲೆ, ವಾಣಿಜ್ಯ, ವಿಜ್ಞಾನ ಯಾವುದನ್ನು ಓದಿದವರೂ ಈ ಪರೀಕ್ಷೆ ಬರೆಯಬಹುದು. ಆದರೆ ವಯಸ್ಸಿನ ಮಿತಿ ಇದೆ, ಯುಸೀಡ್ ಬರೆಯಲು ಎರಡೇ ಅವಕಾಶ, ಅದೂ ಒಂದರ ಹಿಂದೊಂದು ವರ್ಷ.

ಎರಡನೇ ಕೆಲಸ, ಯಾವ ಪದವಿ ಎಂದು ತೀರ್ಮಾನಿಸುವುದು. ಎಡವಟ್ಟು ಹೆಚ್ಚು ಆಗುವುದು ಇಲ್ಲೇ. ಒಂದು ದಾರಿ ನಾಲ್ಕು ವರ್ಷದ ಬಿ.ಡೆಸ್. 1961ರಲ್ಲಿ ಶುರುವಾದ ಅಹಮದಾಬಾದಿನ ಎನ್‌ಐಡಿಯಲ್ಲಿ ಮೊದಲ ವರ್ಷ ಎಲ್ಲರಿಗೂ ಫೌಂಡೇಶನ್, ಆಮೇಲೆ ಗ್ರಾಫಿಕ್ ಡಿಸೈನ್ ಪ್ರತ್ಯೇಕ ವಿಭಾಗ. ಬೆಂಗಳೂರಿನಲ್ಲೂ ಎನ್‌ಐಡಿ ಇದೆಯಲ್ಲ ಎಂದು ಖುಷಿಪಡಬೇಡಿ, ಅಲ್ಲಿರುವುದು ಸ್ನಾತಕೋತ್ತರ ಎಂ.ಡೆಸ್ ಮಾತ್ರ. ಯಲಹಂಕದ ಸೃಷ್ಟಿ ಮಣಿಪಾಲದಂಥ ಖಾಸಗಿ ಸಂಸ್ಥೆಗಳು ತಮ್ಮದೇ ಪ್ರವೇಶ ಪರೀಕ್ಷೆ ನಡೆಸುತ್ತವೆ. ಅಲ್ಲಿ ಫೀಸು ವರ್ಷಕ್ಕೆ ಲಕ್ಷಗಳ ಲೆಕ್ಕ.

ಇನ್ನೊಂದು ದಾರಿ ದೃಶ್ಯಕಲೆಯ ಪದವಿ ಬಿವಿಎ. ಮೈಸೂರಿನ ಕಲಾ ಕಾಲೇಜು ಕಾವಾ, ಬೆಂಗಳೂರಿನ ಚಿತ್ರಕಲಾ ಪರಿಷತ್ತಿನ ಕಾಲೇಜು ಈ ಪದವಿಗೆ ಹೆಸರಾದವು. ಡಿಸೈನ್ ಎಂದರೆ ಬಿ.ಡೆಸ್ ಒಂದೇ ಎಂದುಕೊಂಡ ನಮ್ಮವರು ಈ ಕಾಲೇಜುಗಳತ್ತ ತಿರುಗಿಯೂ ನೋಡುವುದಿಲ್ಲ. ಸಾಲ ಮಾಡಿಯೇ ಓದಿಸಬೇಕಾದ ಮನೆಯವರು ಫೀಸು ಎಷ್ಟೆಂದು ಮೊದಲು ವಿಚಾರಿಸಬೇಕಾದದ್ದು ಇಲ್ಲಿ. ಆದರೆ ಅರ್ಜಿ ತುಂಬುವಾಗ ಎಚ್ಚರ. ಹಲವು ಕಲಾಶಾಲೆಗಳಲ್ಲಿ ‘ಗ್ರಾಫಿಕ್ಸ್’ ಎಂಬ ವಿಭಾಗ ಇರುತ್ತದೆ, ಅದು ಮುದ್ರಣ ಕಲೆಯದ್ದು: ಮರದ ಅಚ್ಚು, ಎಚಿಂಗ್, ಕಲ್ಲಚ್ಚು. ಲೋಗೊ, ಪುಸ್ತಕದ ಮುಖಪುಟ, ಪೋಸ್ಟರ್, ಪ್ಯಾಕೇಜಿಂಗ್ ಕಲಿಸುವ ವಿಭಾಗದ ಹೆಸರು ‘ಅಪ್ಲೈಡ್ ಆರ್ಟ್’.

ಇನ್ನು ತಯಾರಿ. ಕೋಚಿಂಗ್‌ಗೆ ದುಡ್ಡು ಸುರಿಯುವ ಮೊದಲು ಹಳೆಯ ಪ್ರಶ್ನೆಪತ್ರಿಕೆ ಬಿಡಿಸಿ ನೋಡಿ. ಯುಸೀಡ್‌ನ ಮೊದಲ ಭಾಗ ಕಂಪ್ಯೂಟರಿನಲ್ಲಿ, ಎರಡನೆಯದು ಕಾಗದದ ಮೇಲೆ. ಮೊದಲ ಭಾಗದಲ್ಲಿ ನಿಗದಿತ ಅಂಕ ಬಾರದಿದ್ದರೆ ಎರಡನೇ ಭಾಗವನ್ನು ತಿದ್ದುವುದೇ ಇಲ್ಲ. ಹೈಸ್ಕೂಲಿನಲ್ಲಿ ಡ್ರಾಯಿಂಗ್ ಲೋವರ್, ಹೈಯರ್ ಪರೀಕ್ಷೆ ಪಾಸಾದವರಿಗೆ ಕೈ ಕೊಂಚ ಪಳಗಿರುತ್ತದೆ, ಆದರೆ ಹೂದಾನಿಯ ಶೇಡಿಂಗ್ ಅಷ್ಟೇ ಸಾಲದು. ಬಸ್‌ಸ್ಟ್ಯಾಂಡಿನ ಜನ, ಸಂತೆಯ ತಕ್ಕಡಿ, ಹೊಲಿಗೆ ಯಂತ್ರದ ಮುಂದೆ ಬಗ್ಗಿ ಕೂತವರ ಬೆನ್ನು, ಇವನ್ನೆಲ್ಲ ದಿನಾ ನೋಡಿ ಬರೆಯಿರಿ. ಈ ಸ್ಕೆಚ್‌ಬುಕ್ಕನ್ನೇ ಮುಂದೆ ಪೋರ್ಟ್‌ಫೋಲಿಯೊ ಕೇಳಿದಾಗ ತೋರಿಸಬಹುದು. ಇಂಟರ್‌ನೆಟ್ಟಿನಿಂದ ನಕಲು ಮಾಡಿದ ಅಂದದ ಮುಖಗಳನ್ನು ಸಂದರ್ಶಕರು ಸಾಕಷ್ಟು ನೋಡಿರುತ್ತಾರೆ.

ಖಾಸಗಿ ಕಾಲೇಜು ಆಯ್ಕೆ ಮಾಡುವಾಗ ಖುದ್ದಾಗಿ ಹೋಗಿ. ಎಸಿ ಲ್ಯಾಬು ತೋರಿಸುತ್ತಾರೆ, ನೋಡಿ ನಕ್ಕು ಮುಂದೆ ನಡೆಯಿರಿ. ಕೊನೆ ವರ್ಷದವರು ಮಾಡಿದ ಕೆಲಸ ತೋರಿಸಿ ಎನ್ನಿ. ಅಕ್ಷರ ವಿನ್ಯಾಸವನ್ನು ಯಾರು ಕಲಿಸುತ್ತಾರೆ, ವಾರಕ್ಕೆ ಎಷ್ಟು ಗಂಟೆ ಎಂದು ಕೇಳಿ. ಪದವಿ ಕೊಡುವುದು ಯಾವ ವಿಶ್ವವಿದ್ಯಾಲಯ ಎಂಬುದು ಬರಹದಲ್ಲಿ ಸಿಗಲಿ. ಬರೀ ಫೋಟೊಶಾಪ್, ಇಲಸ್ಟ್ರೇಟರ್ ಕಲಿಸುವುದಾದರೆ ಅದಕ್ಕೆ ನಾಲ್ಕು ವರ್ಷ ಬೇಕಿಲ್ಲ, ಆರು ತಿಂಗಳ ಡಿಟಿಪಿ ಕ್ಲಾಸು ಸಾಕು.

ಸೇರಿದ ಕೂಡಲೇ ದುಬಾರಿ ಲ್ಯಾಪ್‌ಟಾಪ್ ಬೇಡ. ಮೊದಲ ವರ್ಷದ ಬಹುಪಾಲು ಕೆಲಸ ಕಾಗದ, ಬಣ್ಣ, ಕತ್ತರಿಯಲ್ಲೇ ನಡೆಯುತ್ತದೆ. ಅಭ್ಯಾಸಕ್ಕೆ ಇಂಕ್‌ಸ್ಕೇಪ್, ಗಿಂಪ್, ಸ್ಕ್ರೈಬಸ್ ತಂತ್ರಾಂಶಗಳು ಉಚಿತವಾಗಿ ಸಿಗುತ್ತವೆ.

ನನ್ನನ್ನು ಕೇಳಿದರೆ, ಕನ್ನಡದ ಮಕ್ಕಳು ಈ ನಾಲ್ಕು ವರ್ಷದಲ್ಲಿ ಹಟ ಹಿಡಿದು ಕಲಿಯಬೇಕಾದದ್ದು ಕನ್ನಡ ಅಕ್ಷರ. ತರಗತಿಯ ಉದಾಹರಣೆಗಳೆಲ್ಲ ಇಂಗ್ಲಿಷಿನವೇ ಆಗಿರುತ್ತವೆ. ನಮ್ಮ ಒತ್ತಕ್ಷರ ಸಾಲಿನ ಕೆಳಗೆ ಇಳಿಯುವುದರಿಂದ ಇಂಗ್ಲಿಷಿಗೆ ಇಟ್ಟಷ್ಟೇ ಸಾಲಿನ ಅಂತರ ಇಟ್ಟರೆ ಒತ್ತು ಕೆಳಗಿನ ಸಾಲಿನ ತಲೆಕಟ್ಟಿಗೆ ತಾಗುತ್ತದೆ. ಪುಟ ವಿನ್ಯಾಸದ ತಂತ್ರಾಂಶ ಇನ್‌ಡಿಸೈನ್‌ನಲ್ಲಿ ‘ವರ್ಲ್ಡ್-ರೆಡಿ ಕಂಪೋಸರ್’ ಆನ್ ಮಾಡದೆ ಯುನಿಕೋಡ್ ಕನ್ನಡ ಹಾಕಿದರೆ ಒತ್ತು ಒಡೆದು ಪಕ್ಕಕ್ಕೆ ಬಂದು ಕೂರುತ್ತದೆ. ‘ನುಡಿ’, ‘ಬರಹ’ ತಂತ್ರಾಂಶಗಳ ಹಳೆಯ ಫಾಂಟಿನ ಕಡತಗಳು ಪ್ರೆಸ್ಸುಗಳಲ್ಲಿ ಇನ್ನೂ ಓಡಾಡುತ್ತಿವೆ, ಅವನ್ನು ಯುನಿಕೋಡಿಗೆ ಬದಲಾಯಿಸುವುದೂ ಗೊತ್ತಿರಬೇಕು. ಲಿಪಿಯ ಮೇಲಿನ ಹಿಡಿತ ಎಲ್ಲಿಗೆ ಒಯ್ಯಬಹುದು ಎಂಬುದಕ್ಕೆ 2010ರಲ್ಲಿ ಸರ್ಕಾರ ಒಪ್ಪಿಕೊಂಡ ರೂಪಾಯಿ ಚಿಹ್ನೆ ನೋಡಿ. ದೇವನಾಗರಿಯ ‘ರ’ವನ್ನೂ ರೋಮನ್ನಿನ ‘ಆರ್’ ಅನ್ನೂ ಕೂಡಿಸಿದ ಡಿ. ಉದಯಕುಮಾರ್ ಐಐಟಿ ಬಾಂಬೆಯಲ್ಲಿ ಸಂಶೋಧನೆ ನಡೆಸಿದ್ದು ತಮಿಳು ಅಕ್ಷರಗಳ ಮೇಲೆ.

ಎರಡನೇ ವರ್ಷದ ಬೇಸಿಗೆ ರಜೆಯಲ್ಲಿ ದೊಡ್ಡ ಸ್ಟುಡಿಯೊ ಸಿಗದಿದ್ದರೆ ಊರಿನ ಆಫ್‌ಸೆಟ್ ಪ್ರೆಸ್ಸಿಗೆ ಹೋಗಿ. ಪರದೆಯ ಮೇಲೆ ಹೊಳೆವ ನೀಲಿ ಕಾಗದಕ್ಕೆ ಬಂದಾಗ ಮಂಕಾಗುವುದೇಕೆ, ಅಂಚಿನಾಚೆ 3 ಮಿ.ಮೀ. ಬ್ಲೀಡ್ ಬಿಡುವುದೇಕೆ ಎಂಬುದು ಮಷಿನ್ ಪಕ್ಕ ನಿಂತರೆ ತಿಳಿಯುತ್ತದೆ. ಕಟಿಂಗ್ ಮಾಡುವವರನ್ನೂ ಮಾತಾಡಿಸಿ. ಯಾವ ಡಿಸೈನರ್ ಕಳಿಸಿದ ಫೈಲು ತಲೆನೋವು ತಂದಿತು ಎಂಬುದನ್ನು ಅವರೇ ವಿವರವಾಗಿ ಹೇಳುತ್ತಾರೆ.