ಜಾರೋ ಮಠದ ವಿದ್ಯೆಯೂ ಹಳ್ಳಿಯವರ ಭಾಷೆಯೂ

ದೇವರ ವಾಕ್ಯವನ್ನು ಸ್ವಂತ ಭಾಷೆಯಲ್ಲಿ ಕೇಳುವ ಭಾಗ್ಯವು ನಮಗೆ ವಾರವಾರವೂ ದೊರೆಯುವದರಿಂದ ಅದರ ಬೆಲೆಯನ್ನು ನಾವು ಮರೆಯುವದುಂಟು. ಆದಕಾರಣ ಉತ್ತರ ಇಂಗ್ಲೆಂಡಿನ ಒಂದು ಮಠದ ಚರಿತ್ರೆಯನ್ನು ಈ ಸಾರಿ ವಿಚಾರಿಸೋಣ. ಮಠವಾಸವು ನಮ್ಮ ಸಭೆಗಳ ಕ್ರಮವಲ್ಲ. ಆದರೂ ಅಲ್ಲಿಂದ ನಾವು ಕಲಿಯತಕ್ಕದ್ದುಂಟು.

ಬೆನೆಡಿಕ್ಟ್ ಬಿಸ್ಕಪ್ ಎಂಬ ಕುಲೀನನು 674ರಲ್ಲಿ ವೇರ್‌ಮತ್ ಎಂಬಲ್ಲಿಯೂ, ಕೆಲವು ವರುಷಗಳ ಮೇಲೆ ಜಾರೋ ಎಂಬಲ್ಲಿಯೂ ಮಠಗಳನ್ನು ಸ್ಥಾಪಿಸಿದನು. ಇವೆರಡೂ ಒಂದೇ ಸಂಘವಾಗಿದ್ದವು. ಆ ಸೀಮೆಯ ಅರಸನು ದೀಕ್ಷಾಸ್ನಾನ ಹೊಂದಿದ್ದು 627ರಲ್ಲಿ. ಆದದರಿಂದ ಅಲ್ಲಿಯ ಸಭೆಯು ಇನ್ನೂ ಎಳೆಯದು. ಬಿಸ್ಕಪನು ಪದೇ ಪದೇ ರೋಮಿಗೆ ಪ್ರಯಾಣಮಾಡಿ ಪುಸ್ತಕಗಳನ್ನು ಹೊತ್ತು ತಂದನು. ಕೀರ್ತನೆಗಳನ್ನು ಕಲಿಸಲು ರೋಮಿನಿಂದ ಗಾಯಕನನ್ನೂ ಕರತಂದನು. ಹೀಗೆ ಲ್ಯಾಟಿನ್ ವಿದ್ಯೆಯು ಅಲ್ಲಿ ಬೇರೂರಿತು.

ಸುಮಾರು 686ರಲ್ಲಿ ಘೋರವಾದ ವ್ಯಾಧಿಯು ಬಂದು, ಜಾರೋವಿನಲ್ಲಿ ಆರಾಧನೆಯನ್ನು ಹಾಡಬಲ್ಲವರೊಳಗೆ ಮಠಾಧ್ಯಕ್ಷನಾದ ಚೆಯಲ್‌ಫ್ರಿತನೂ ಒಬ್ಬ ಚಿಕ್ಕ ಹುಡುಗನೂ ಮಾತ್ರವೇ ಉಳಿದರು. ಒಂದು ವಾರ ಆರಾಧನೆಯನ್ನು ಸಂಕ್ಷೇಪಮಾಡಿದರು. ಮನಸ್ಸು ತಾಳಲಾರದೆ, ಇಬ್ಬರೇ ಆದರೂ ಪೂರ್ಣಕ್ರಮವನ್ನು ಪುನಃ ನಡಿಸಿದರು. ಆ ಹುಡುಗನು ಬೀಡನೇ ಎಂದು ಅನೇಕರು ಎಣಿಸುತ್ತಾರೆ. ಮುಂದೆ ಈ ಮಠದಲ್ಲಿ ಸಂಪೂರ್ಣ ಲ್ಯಾಟಿನ್ ಸತ್ಯವೇದದ ಮೂರು ದೊಡ್ಡ ಪ್ರತಿಗಳು ಬರೆಯಲ್ಪಟ್ಟವು. ಅವುಗಳಲ್ಲಿ ಒಂದು ಇಂದಿಗೂ ಫ್ಲಾರೆನ್ಸ್ ನಗರದಲ್ಲಿ ಉಂಟು.

ಆದರೆ ಲ್ಯಾಟಿನ್ ತಿಳಿಯದ ಬಡ ಹಳ್ಳಿಯವನಿಗೆ ಇದರಿಂದೇನು? ಮಹಾಪಂಡಿತನಾಗಿ ಬೆಳೆದ ಬೀಡನಿಗೆ ಈ ಚಿಂತೆ ಹತ್ತಿತು. 734ರಲ್ಲಿ ಅವನು ಯಾರ್ಕಿನ ಬಿಷಪನಾದ ಎಗ್ಬರ್ಟನಿಗೆ ಪತ್ರ ಬರೆದು, ಬೆಟ್ಟಗಾಡುಗಳಲ್ಲಿರುವ ಅನೇಕ ಹಳ್ಳಿಗಳಿಗೆ ಬಹು ವರುಷಗಳಿಂದ ಬಿಷಪನ ಮುಖವೇ ಕಾಣದಿದ್ದರೂ ಸಲ್ಲಿಸತಕ್ಕ ಹಣಕ್ಕೆ ಮಾತ್ರ ಬಿಡುಗಡೆಯಿಲ್ಲವೆಂದು ದುಃಖಪಟ್ಟನು. ಸ್ವಂತ ಭಾಷೆಯೊಂದನ್ನೇ ಬಲ್ಲವರಿಗೆ ವಿಶ್ವಾಸಪ್ರಮಾಣವನ್ನೂ ಕರ್ತನ ಪ್ರಾರ್ಥನೆಯನ್ನೂ ಅದೇ ಭಾಷೆಯಲ್ಲಿ ಕಲಿಸಬೇಕೆಂದನು. ತಾನೇ ಅವುಗಳನ್ನು ಇಂಗ್ಲಿಷಿಗೆ ತಿರುಗಿಸಿ ಓದಿಲ್ಲದ ಯಾಜಕರಿಗೆ ಕೊಟ್ಟಿದ್ದನು. 735ರಲ್ಲಿ ಮರಣಶಯ್ಯೆಯಲ್ಲಿಯೂ ಉಸಿರಾಡುವದಕ್ಕೆ ಕಷ್ಟಪಡುತ್ತಾ ಯೋಹಾನನ ಸುವಾರ್ತೆಯನ್ನು ಇಂಗ್ಲಿಷಿಗೆ ಭಾಷಾಂತರಿಸುತ್ತಿದ್ದನು. ಆ ಬರಹವು ಈಗ ಉಳಿದಿಲ್ಲ.

ಸಹೋದರ ಸಹೋದರಿಯರೇ, ಬೀಡನು ವಿದ್ಯೆಯನ್ನು ಪೆಟ್ಟಿಗೆಯಲ್ಲಿಟ್ಟ ನಾಣ್ಯವೆಂದು ಎಣಿಸದೆ ತೀರಿಸತಕ್ಕ ಸಾಲವೆಂದು ಎಣಿಸಿದನು. ನಮ್ಮಲ್ಲಿ ಓದಬಲ್ಲವರು ಓದಲಾರದ ನೆರೆಯವರಿಗೆ ದಿನಕ್ಕೊಂದು ಅಧ್ಯಾಯವನ್ನಾದರೂ ಓದಿಹೇಳುತ್ತೇವೋ? ಸಭೆಯಲ್ಲಿ ಇಬ್ಬರೇ ಕೂಡಿದ ದಿನ ಆರಾಧನೆಯನ್ನು ಬಿಟ್ಟುಬಿಡುತ್ತೇವೋ? ಈ ಎರಡು ಪ್ರಶ್ನೆಗಳಿಗೆ ನಾವು ದೇವರ ಮುಂದೆ ಉತ್ತರ ಕೊಡೋಣ.