ಕಾವಿಗೆ ಕೂತ ಕೋಳಿಯ ಹಕ್ಕು

ಕಾವಿಗೆ ಕೂತ ಹೇಂಟೆ ಸುಮಾರು 21 ದಿನ ಮೊಟ್ಟೆ ಬಿಟ್ಟು ಕದಲಲು ಒಪ್ಪುವುದಿಲ್ಲ. ಹಸಿದರೂ ಕೂಗಿ ಕೇಳುವುದಿಲ್ಲ. ನಾಯಿ, ಮುಂಗುಸಿಗಳ ಭಯದಿಂದ ನೀವು ಅದರ ಮೇಲೆ ಬುಟ್ಟಿ ಕವಿಚಿದರೆ ಅದರ ಮೇವು-ನೀರಿನ ಹೊಣೆ ನಿಮ್ಮದೇ. ಬೆಕ್ಕನ್ನು ಕೂಡಿಹಾಕಿ, ಉಣಿಸದೆ, ತಾನಾಗಿ ಹುಡುಕಿ ತಿನ್ನಲೂ ಬಿಡದೆ ಸಾಯಿಸಿದ ಸ್ತ್ರೀಯೋರ್ವಳು ಅದೇ ಕಾರಣಕ್ಕೆ ನರಕ ಸೇರಿದಳೆಂದು ಪ್ರವಾದಿವರ್ಯರು(ಸ) ಎಚ್ಚರಿಸಿದ್ದಾರೆ.

ಆದ್ದರಿಂದ ದಿನಕ್ಕೊಮ್ಮೆ ಬುಟ್ಟಿ ಎತ್ತಿರಿ. ಹತ್ತಿರದಲ್ಲೇ ಕಾಳು, ಶುದ್ಧ ನೀರು ಇಡಿರಿ. ತಿಂದು, ಹಿಕ್ಕೆ ಹಾಕಿ, ಮಣ್ಣಿನಲ್ಲಿ ಹೊರಳಾಡಿ ಬರಲು ಕಾಲು ಗಂಟೆ ಸಾಕು. ಅಷ್ಟರಲ್ಲಿ ಮೊಟ್ಟೆಗಳು ಕೆಡುವುದಿಲ್ಲ. ತಾನಾಗಿ ಏಳದಿದ್ದರೆ, ರೆಕ್ಕೆಯಡಿ ಮೊಟ್ಟೆ ಸಿಲುಕಿಲ್ಲವೆಂದು ನೋಡಿಕೊಂಡು ಮೆಲ್ಲನೆ ಎತ್ತಿ ಕೆಳಗಿಡಿರಿ.

ಮರಿಗಳನ್ನು ಎಣಿಸುವ ಆತುರದಲ್ಲಿ ತಾಯಿಯ ಹಸಿವನ್ನು ಮರೆಯದಿರೋಣ.