ಹೊನ್ನು ಕೊಳ್ಳುವ ಕಣ್ಣು: ನಾಣ್ಯ ಮೇಳಕ್ಕೆ ಹೊರಟವರಿಗೆ 11 ಸೂತ್ರಗಳು

ನೀವು ಬೆಂಗಳೂರಿನ ಶ್ರೀನಗರದವರೇ? ಹಾಗಿದ್ದರೆ ನಿಮಗೊಂದು ಅನುಕೂಲವಿದೆ. ಮೆಜೆಸ್ಟಿಕ್ ಬಸ್ ಹತ್ತಿದರೆ ಕೆ.ಜಿ. ರಸ್ತೆಯ ಶಿಕ್ಷಕರ ಸದನ ದೂರವಲ್ಲ. ಬೆಂಗಳೂರಿನ ನಾಣ್ಯ ಮೇಳಗಳು ನಡೆಯುವ ಜಾಗಗಳಲ್ಲಿ ಅದೂ ಒಂದು. ಸಾಲು ಸಾಲು ಟೇಬಲ್, ಗಾಜಿನ ಟ್ರೇ, ಅದರೊಳಗೆ ವಿಜಯನಗರದ ವರಾಹ, ಟಿಪ್ಪುವಿನ ಫಾರೂಕಿ, ಮೈಸೂರಿನ ಕಂಠೀರವ ಹಣ. ನೋಡಲು ಬರುವವರು ಬಹಳ. ಸರಿಯಾದ ಚಿನ್ನದ ನಾಣ್ಯವನ್ನು ಸರಿಯಾದ ಬೆಲೆಗೆ ಕೊಂಡು ಹೋಗುವವರು ಕೆಲವರೇ. ಆ ಕೆಲವರ ಗುಟ್ಟು ಸರಳ: ಮೇಳಕ್ಕೆ ಕಾಲಿಡುವ ಮೊದಲೇ ಅವರ ಅರ್ಧ ಖರೀದಿ ಮನೆಯಲ್ಲಿ ಮುಗಿದಿರುತ್ತದೆ. ನೀವೂ ಆ ಕೆಲವರಲ್ಲಿ ಒಬ್ಬರಾಗಬಹುದು. ಸಂಗ್ರಾಹಕನಾಗಿ ನಾನು ಪಾಲಿಸುವ ಸೂತ್ರಗಳು ಇಲ್ಲಿವೆ. ಪೆನ್ನು ಹಿಡಿದು ಓದಿ.

1. ಒಂದೇ ಕ್ಷೇತ್ರ ಆರಿಸಿ

ಎಲ್ಲವನ್ನೂ ಕೊಳ್ಳಲು ಹೊರಡಬೇಡಿ. ಒಂದು ರಾಜವಂಶ ಅಥವಾ ಒಂದು ಕಾಲಘಟ್ಟ ಹಿಡಿಯಿರಿ. ಕರ್ನಾಟಕದಲ್ಲಿ ಆಯ್ಕೆಗೆ ಕೊರತೆಯಿಲ್ಲ. ತಲಕಾಡನ್ನು ಗೆದ್ದ ಹೊಯ್ಸಳ ವಿಷ್ಣುವರ್ಧನ ‘ಶ್ರೀ ತಳಕಾಡುಗೊಂಡ’ ಎಂಬ ಕನ್ನಡ ಬರಹವಿರುವ ಚಿನ್ನದ ನಾಣ್ಯ ಹೊರಡಿಸಿದ. ಕೃಷ್ಣದೇವರಾಯನ ವರಾಹದ ಮೇಲೆ ಕುಳಿತ ಬಾಲಕೃಷ್ಣನಿದ್ದಾನೆ. ಅಚ್ಯುತರಾಯನ ನಾಣ್ಯದ ಮೇಲೆ ಗಂಡಭೇರುಂಡ. ಹೊಸಬರಿಗೆ ನನ್ನ ಸಲಹೆ: ವಿಜಯನಗರ ಅಥವಾ ಮೈಸೂರಿನಿಂದ ಶುರು ಮಾಡಿ. ಈ ನಾಣ್ಯಗಳು ನಮ್ಮ ಮೇಳಗಳಲ್ಲಿ ಹೆಚ್ಚಾಗಿ ಬರುತ್ತವೆ, ಹೋಲಿಸಿ ನೋಡಲು ಸಿಗುತ್ತವೆ. ಹತ್ತು ಕ್ಷೇತ್ರಗಳಲ್ಲಿ ಅಲ್ಪಸ್ವಲ್ಪ ತಿಳಿದವನು ವ್ಯಾಪಾರಿಯ ಮಾತನ್ನೇ ನಂಬಬೇಕಾಗುತ್ತದೆ. ಒಂದೇ ಕ್ಷೇತ್ರವನ್ನು ಚೆನ್ನಾಗಿ ತಿಳಿದವನು ತನ್ನ ಕಣ್ಣನ್ನು ನಂಬುತ್ತಾನೆ.

2. ನಾಣ್ಯಕ್ಕಿಂತ ಮೊದಲು ಪುಸ್ತಕ ಕೊಳ್ಳಿ

ತಯಾರಿಯಿಲ್ಲದೆ ಇಂಟರ್‌ವ್ಯೂಗೆ ಹೋಗುತ್ತೀರಾ? ಮೇಳಕ್ಕೂ ಹಾಗೆ ಹೋಗಬೇಡಿ. ಎ.ವಿ. ನರಸಿಂಹಮೂರ್ತಿಯವರು ಕರ್ನಾಟಕದ ನಾಣ್ಯಗಳ ಬಗ್ಗೆ ಬರೆದ ಗ್ರಂಥ ಹುಡುಕಿ. ಹೈದರ್ ಮತ್ತು ಟಿಪ್ಪು ನಿಮ್ಮ ಕ್ಷೇತ್ರವಾಗಿದ್ದರೆ ಹೆಂಡರ್ಸನ್ 1921ರಲ್ಲಿ ಪ್ರಕಟಿಸಿದ ಪುಸ್ತಕ ಓದಿ. ನೃಪತುಂಗ ರಸ್ತೆಯ ಮಿಥಿಕ್ ಸೊಸೈಟಿಯ ಗ್ರಂಥಾಲಯದಲ್ಲಿ ಒಂದು ಶನಿವಾರ ಕಳೆಯಿರಿ. ಕಸ್ತೂರ್ಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯಕ್ಕೂ ಹೋಗಿ, ಹಳೆಯ ವಸ್ತುಗಳನ್ನು ಹತ್ತಿರದಿಂದ ನೋಡಿ. ಹರಾಜು ಸಂಸ್ಥೆಗಳ ಕ್ಯಾಟಲಾಗ್‌ಗಳಲ್ಲಿ ನಿಮ್ಮ ಕ್ಷೇತ್ರದ ಪುಟಗಳನ್ನು ಉಳಿಸಿಡಿ. ಪುಸ್ತಕಕ್ಕೆ ಹಾಕಿದ ದುಡ್ಡು ಪ್ರತಿ ಖರೀದಿಯಲ್ಲೂ ವಾಪಸ್ ಬರುತ್ತದೆ, ಏಕೆಂದರೆ ನೀವು ಕೊಳ್ಳದೆ ಬಿಟ್ಟ ನಕಲಿ ನಾಣ್ಯವೂ ಲಾಭವೇ.

3. ಹಿಂಬದಿಯನ್ನು ಓದಲು ಕಲಿಯಿರಿ

ಮುಂಭಾಗದ ಚಿತ್ರ ನೋಡಿ ತೀರ್ಮಾನಕ್ಕೆ ಬರಬೇಡಿ. ಇಕ್ಕೇರಿ ನಾಯಕರ ವರಾಹದ ಮೇಲೆ ಶಿವಪಾರ್ವತಿ. 1763ರಲ್ಲಿ ಆ ನಾಯಕರ ಬಿದನೂರನ್ನು ವಶಪಡಿಸಿಕೊಂಡ ಹೈದರ್ ಅಲಿಯ ವರಾಹದ ಮೇಲೂ ಶಿವಪಾರ್ವತಿ. ಮುಮ್ಮಡಿ ಕೃಷ್ಣರಾಜ ಒಡೆಯರ ವರಾಹದ ಮೇಲೂ ಅದೇ ಶಿವಪಾರ್ವತಿ. ನಾಣ್ಯ ತಿರುಗಿಸಿ. ಒಂದರಲ್ಲಿ ನಾಗರಿಯ ‘ಶ್ರೀ ಸದಾಶಿವ’, ಇನ್ನೊಂದರಲ್ಲಿ ಹೈದರನ ಹೆಸರಿನ ಮೊದಲ ಪರ್ಷಿಯನ್ ಅಕ್ಷರ, ಮತ್ತೊಂದರಲ್ಲಿ ‘ಶ್ರೀ ಕೃಷ್ಣರಾಜ’. ಮೂರು ಆಳ್ವಿಕೆ, ಮೂರು ಬೆಲೆ.

ಟಿಪ್ಪುವಿನ ನಾಣ್ಯಗಳಲ್ಲಿ ಇನ್ನೊಂದು ಪಾಠವಿದೆ. ಅವನು ಮೌಲೂದಿ ಎಂಬ ಹೊಸ ಶಕೆ ತಂದ ಮೇಲೆ ಇಸವಿಯ ಅಂಕಿಗಳನ್ನು ಬಲದಿಂದ ಎಡಕ್ಕೆ ಓದಬೇಕು. ಇದು ಗೊತ್ತಿಲ್ಲದವನಿಗೆ ಇಸವಿಯೇ ಅರ್ಥವಾಗುವುದಿಲ್ಲ. ನಾಗರಿ, ಹಳೆಗನ್ನಡ ಅಥವಾ ಪರ್ಷಿಯನ್, ನಿಮ್ಮ ಕ್ಷೇತ್ರಕ್ಕೆ ಬೇಕಾದ ಲಿಪಿಯ ಅಕ್ಷರಮಾಲೆಯನ್ನು ದಿನಕ್ಕೆ ಅರ್ಧ ಗಂಟೆ ಅಭ್ಯಾಸ ಮಾಡಿ. ಲಿಪಿ ಬಲ್ಲವನಿಗೆ ಅನುವಾದಕ ಬೇಕಿಲ್ಲ.

4. ತೂಕಗಳನ್ನು ಬಾಯಿಪಾಠ ಮಾಡಿ

ವಿಜಯನಗರದ ವರಾಹ ಸುಮಾರು 3.4 ಗ್ರಾಂ. ಅರ್ಧ ವರಾಹ ಸುಮಾರು 1.7 ಗ್ರಾಂ. ಹಣ ಎಂಬ ಪುಟ್ಟ ನಾಣ್ಯ ಅರ್ಧ ಗ್ರಾಂಗಿಂತಲೂ ಹಗುರ. ಈಸ್ಟ್ ಇಂಡಿಯಾ ಕಂಪನಿಯ ಮೊಹರು 11.66 ಗ್ರಾಂ. ಬ್ರಿಟಿಷ್ ಸವರನ್ 7.98 ಗ್ರಾಂ, ವ್ಯಾಸ 22.05 ಮಿಲಿಮೀಟರ್, 22 ಕ್ಯಾರೆಟ್. ಈ ಅಂಕಿಗಳನ್ನು ಮೊಬೈಲ್‌ನಲ್ಲಿ ಮಾತ್ರ ಇಟ್ಟುಕೊಳ್ಳಬೇಡಿ, ತಲೆಯಲ್ಲಿ ಇಟ್ಟುಕೊಳ್ಳಿ. ಒಂದು ಡಿಜಿಟಲ್ ಪಾಕೆಟ್ ಸ್ಕೇಲ್, ಒಂದು ಕ್ಯಾಲಿಪರ್, ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಲೂಪ್ ನಿಮ್ಮ ಬ್ಯಾಗಿನಲ್ಲಿರಲಿ. ಸವೆದ ನಾಣ್ಯ ಸ್ವಲ್ಪ ಹಗುರವಾಗುವುದು ಸಹಜ. ಇರಬೇಕಾದ್ದಕ್ಕಿಂತ ಭಾರವಾಗಿದ್ದರೆ ಪ್ರಶ್ನೆ ಕೇಳಿ. ತೂಗಲು ಬಿಡದ ಟೇಬಲ್‌ನಲ್ಲಿ ಒಂದು ನಿಮಿಷವೂ ನಿಲ್ಲಬೇಡಿ.

5. ಬಜೆಟ್ ಬರೆದು ಸಹಿ ಹಾಕಿ

ತಿಂಗಳ ಸಂಬಳದಲ್ಲಿ ಒಂದು ನಿಗದಿತ ಮೊತ್ತವನ್ನು ನಾಣ್ಯದ ಖಾತೆಗೆ ತೆಗೆದಿಡಿ. ಸಾಲ ಮಾಡಬೇಡಿ, ಕ್ರೆಡಿಟ್ ಕಾರ್ಡ್ ಇಎಂಐ ಬೇಡವೇ ಬೇಡ. ವಿದ್ಯಾರ್ಥಿಯಾಗಿದ್ದರೆ ಸಣ್ಣದರಿಂದ ಶುರು ಮಾಡಿ. ಒಂದು ಚಿನ್ನದ ಹಣದಲ್ಲಿರುವ ಬಂಗಾರ ಗ್ರಾಂನ ಅರ್ಧವೂ ಇಲ್ಲ, ಆದರೆ ಅದರಲ್ಲಿರುವ ಇತಿಹಾಸ ಪೂರ್ತಿ. 1638ರಿಂದ 1659ರವರೆಗೆ ಆಳಿದ ಕಂಠೀರವ ನರಸರಾಜ ಒಡೆಯರ ಹಣದ ಮೇಲೆ ನರಸಿಂಹನನ್ನು ಲೂಪ್‌ನಲ್ಲಿ ನೋಡಿ, ಆಗ ಗೊತ್ತಾಗುತ್ತದೆ. ಬಜೆಟ್ ಕಾಗದದ ಮೇಲಿದ್ದರೆ ಮೇಳದ ಗದ್ದಲದಲ್ಲೂ ನಿಮ್ಮ ಕೈ ನಿಮ್ಮ ಹಿಡಿತದಲ್ಲಿರುತ್ತದೆ.

6. ಸಂಶಯವನ್ನು ಪರೀಕ್ಷೆಯಾಗಿ ಬದಲಾಯಿಸಿ

‘ನನಗೆಲ್ಲಿ ಗೊತ್ತಾಗುತ್ತೆ ಸಾರ್, ಅಸಲಿಯೋ ನಕಲಿಯೋ’ ಎನ್ನುವುದು ಒಂದು ಅಭ್ಯಾಸ. ಇವತ್ತೇ ಬಿಡಿ. ಅದರ ಜಾಗದಲ್ಲಿ ಒಂದು ಚೆಕ್‌ಲಿಸ್ಟ್ ಇಡಿ.

ಲೂಪ್ ಹಿಡಿದು ಮೇಲ್ಮೈ ನೋಡಿ. ಸಣ್ಣ ಗುಳ್ಳೆ, ಮೊಂಡಾದ ಅಕ್ಷರ ಇದ್ದರೆ ಎರಕ ಹೊಯ್ದ ನಕಲು ಇರಬಹುದು. ಅಂಚಿನಲ್ಲಿ ಗೆರೆ ಅಥವಾ ಅರದ ಗುರುತು ಇದೆಯೇ ಪರೀಕ್ಷಿಸಿ. ಒಂದೇ ಟ್ರೇಯಲ್ಲಿ ಎರಡು ನಾಣ್ಯಗಳ ಮೇಲೆ ಒಂದೇ ಗೀರು, ಒಂದೇ ಚುಕ್ಕೆ ಒಂದೇ ಜಾಗದಲ್ಲಿದ್ದರೆ ಎರಡನ್ನೂ ವಾಪಸ್ ಇಡಿ.

ಒಂದು ಮಾತು ನೆನಪಿರಲಿ: ಚಿನ್ನ ಶುದ್ಧವಾಗಿದ್ದ ಮಾತ್ರಕ್ಕೆ ನಾಣ್ಯ ಅಸಲಿಯಾಗುವುದಿಲ್ಲ. ಅಪರೂಪದ ನಾಣ್ಯಕ್ಕೆ ಚಿನ್ನಕ್ಕಿಂತ ಹೆಚ್ಚು ಬೆಲೆ ಇರುವುದರಿಂದ ನಿಜವಾದ ಚಿನ್ನದಲ್ಲೇ ನಕಲು ಮಾಡುವವರಿದ್ದಾರೆ. ಅದಕ್ಕೇ ಲೋಹದ ಪರೀಕ್ಷೆ ಒಂದು, ಅಚ್ಚಿನ ಪರೀಕ್ಷೆ ಇನ್ನೊಂದು. ಎರಡನ್ನೂ ಮಾಡಿ. ಸವರನ್ ಗಾತ್ರದ ನಾಣ್ಯವನ್ನು ನೀರಿನಲ್ಲಿ ತೂಗಿದರೆ ಸುಮಾರು 0.45 ಗ್ರಾಂ ಕಡಿಮೆ ತೋರಿಸಬೇಕು. ಚಿನ್ನದ ಹಣ ತೀರಾ ಚಿಕ್ಕದು, ಅಲ್ಲಿ ಈ ಲೆಕ್ಕ ಕೈಕೊಡುತ್ತದೆ; ಮಷಿನ್ ಪರೀಕ್ಷೆಗೆ ಕೊಡಿ. ಒರೆಗಲ್ಲಿಗೆ ಮಾತ್ರ ಯಾವತ್ತೂ ಉಜ್ಜಿಸಬೇಡಿ, ಆ ಗೀರು ನಾಣ್ಯದ ಬೆಲೆಯನ್ನೇ ತಿನ್ನುತ್ತದೆ. ಗ್ರೇಡಿಂಗ್ ಸಂಸ್ಥೆಯ ಪ್ಲಾಸ್ಟಿಕ್ ಸ್ಲ್ಯಾಬ್‌ನಲ್ಲಿದ್ದರೆ ಅದರ ಸರ್ಟಿಫಿಕೇಟ್ ನಂಬರನ್ನು ಅಲ್ಲೇ ಮೊಬೈಲ್‌ನಲ್ಲಿ ಹಾಕಿ, ಫೋಟೋ ಹೊಂದಿಸಿ ನೋಡಿ.

7. ಒಡವೆಯ ಗುರುತು ಹುಡುಕಿ

ನಮ್ಮ ಮನೆಗಳಲ್ಲಿ ಚಿನ್ನದ ನಾಣ್ಯ ಪೆಟ್ಟಿಗೆಗಿಂತ ಹೆಚ್ಚಾಗಿ ಕೊರಳಲ್ಲಿತ್ತು. ಕಾಸಿನ ಸರದಿಂದ ಬಿಡಿಸಿದ ನಾಣ್ಯಗಳು ಮೇಳಕ್ಕೂ ಬರುತ್ತವೆ. ಅಂಚನ್ನು ಸುತ್ತಲೂ ತಿರುಗಿಸಿ ನೋಡಿ. ಬೆಸುಗೆ, ತುಂಬಿದ ರಂಧ್ರ, ಉಜ್ಜಿ ಹೊಳಪು ಕೊಟ್ಟ ಮೈ ಕಂಡರೆ ಸಂಗ್ರಾಹಕನ ಬೆಲೆ ಇಳಿಯಲೇಬೇಕು. ಅಂಥದ್ದನ್ನು ಕೊಳ್ಳಬಾರದು ಎಂದೇನಿಲ್ಲ, ಪೂರ್ತಿ ಬೆಲೆ ಕೊಡಬಾರದು ಅಷ್ಟೆ. ಸವರನ್ ಕೊಳ್ಳುವವರು ಇನ್ನೊಂದು ಗಮನಿಸಿ. ಬ್ರಿಟಿಷರ ಕಾಲದಲ್ಲಿ ಬಾಂಬೆ ಟಂಕಸಾಲೆಯ ಸವರನ್‌ಗಳ ಮೇಲೆ ಬಂದ ಇಸವಿ 1918 ಒಂದೇ; ನಾಣ್ಯದ ಮೇಲಿನ ಕುದುರೆಯ ಕಾಲಡಿಯ ನೆಲದ ಮೇಲೆ ಇಂಗ್ಲಿಷಿನ ‘ಐ’ ಅಕ್ಷರ ಇರುತ್ತದೆ. ಅಜ್ಜಿಯ ಸರದಲ್ಲೂ ಅದು ಇರಬಹುದು, ಮೊದಲು ಮನೆಯಲ್ಲಿ ಹುಡುಕಿ.

8. ಬೆಲೆಯನ್ನು ಎರಡು ಭಾಗ ಮಾಡಿ

ಮೊದಲ ಭಾಗ ಚಿನ್ನದ ಬೆಲೆ: ತೂಕ, ಶುದ್ಧತೆ, ಆ ದಿನದ ದರ. ಎರಡನೇ ಭಾಗ ಅಪರೂಪದ ಬೆಲೆ: ಯಾರ ನಾಣ್ಯ, ಯಾವ ಟಂಕಸಾಲೆ, ಯಾವ ಇಸವಿ, ಎಷ್ಟು ಚೆನ್ನಾಗಿ ಉಳಿದಿದೆ. ಮೊದಲನೆಯದನ್ನು ಕ್ಯಾಲ್ಕುಲೇಟರ್ ಹೇಳುತ್ತದೆ. ಎರಡನೆಯದಕ್ಕೆ ಹಿಂದಿನ ಹರಾಜುಗಳಲ್ಲಿ ಅದೇ ಬಗೆಯ ನಾಣ್ಯ ಎಷ್ಟಕ್ಕೆ ಹೋಯಿತು ಎಂಬ ಪಟ್ಟಿ ನೋಡಿ. ಹರಾಜಿನ ಕಮಿಷನ್, ತೆರಿಗೆ ಸೇರಿಸಿ ಲೆಕ್ಕ ಹಾಕಿ. 1835ರ ಎರಡು ಮೊಹರಿನಂಥ ನಾಣ್ಯದಲ್ಲಿ ಮೂಲ ಮುದ್ರಣವೋ, ಟಂಕಸಾಲೆಯೇ ನಂತರ ಹೊಡೆದ ರೀಸ್ಟ್ರೈಕೋ ಕೇಳಿ. ಎರಡರ ಬೆಲೆ ಒಂದಲ್ಲ. ಬೆಲೆಯನ್ನು ಬಿಡಿಸಿ ನೋಡಿದವನು ಎಲ್ಲಿ ಚೌಕಾಸಿ ಮಾಡಬೇಕು ಎಂದು ತಿಳಿಯುತ್ತಾನೆ: ಚಿನ್ನದ ಭಾಗದಲ್ಲಿ ಜಾಗವಿಲ್ಲ, ಅಪರೂಪದ ಭಾಗದಲ್ಲಿ ಇದೆ.

9. ಮೊದಲ ಸುತ್ತಿನಲ್ಲಿ ಪರ್ಸ್ ತೆಗೆಯಬೇಡಿ

ಮೊದಲ ದಿನ ಬೆಳಿಗ್ಗೆಯೇ ಹೋಗಿ. ಒಳ್ಳೆಯ ನಾಣ್ಯಗಳು ಆಗಲೇ ಟೇಬಲ್ ಮೇಲಿರುತ್ತವೆ. ಒಂದು ಸುತ್ತು ಪೂರ್ತಿ ಹೊಡೆಯಿರಿ, ಟೇಬಲ್ ನಂಬರ್ ಮತ್ತು ಹೇಳಿದ ಬೆಲೆ ಬರೆದುಕೊಳ್ಳಿ. ಎರಡನೇ ಸುತ್ತಿನಲ್ಲಿ ಮಾತಾಡಿ. ‘ಸಾರ್, ಇದೇ ಬಗೆಯದು ಆ ಕಡೆ ಟೇಬಲ್‌ನಲ್ಲೂ ಇದೆ, ಅಂಚು ಇದಕ್ಕಿಂತ ಚೆನ್ನಾಗಿದೆ. ನಿಮ್ಮ ಫೈನಲ್ ಹೇಳಿ’ ಎಂದು ನೇರವಾಗಿ ಕೇಳಿ. ಕಾರಣ ಕೊಟ್ಟು ಕೇಳಿದರೆ ವ್ಯಾಪಾರಿಯೂ ಗೌರವ ಕೊಡುತ್ತಾರೆ. ಅಪರೂಪದ ನಾಣ್ಯವಾದರೆ ಮೊದಲ ದಿನವೇ ಮುಗಿಸಿ. ಹೆಚ್ಚಾಗಿ ಸಿಗುವ ನಾಣ್ಯವಾದರೆ ಕೊನೆಯ ದಿನದ ಮಧ್ಯಾಹ್ನಕ್ಕೆ ಬನ್ನಿ, ಬೆಲೆ ಮೆತ್ತಗಾಗಿರುತ್ತದೆ.

10. ಬಿಲ್ ಇಲ್ಲದೆ ನಾಣ್ಯ ಮುಟ್ಟಬೇಡಿ

ನೂರು ವರ್ಷ ದಾಟಿದ ನಾಣ್ಯ ಕಾನೂನಿನ ಪ್ರಕಾರ ಪ್ರಾಚ್ಯವಸ್ತು. 1972ರ ಕಾಯ್ದೆಯಂತೆ ಅದನ್ನು ಮಾರುವ ವ್ಯಾಪಾರಿಗೆ ಲೈಸೆನ್ಸ್ ಬೇಕು; ಖಾಸಗಿಯವರು ಅದನ್ನು ದೇಶದ ಹೊರಗೆ ಕಳಿಸುವಂತಿಲ್ಲ. ಅಮೆರಿಕದಲ್ಲಿರುವ ಭಾವನಿಗೆ ಗಿಫ್ಟ್ ಕೊಡುವ ಯೋಚನೆ ಇದ್ದರೆ ಇವತ್ತೇ ಕೈಬಿಡಿ. ‘ಹೊಲ ಉಳುವಾಗ ಸಿಕ್ಕಿದ್ದು’ ಎಂದು ಯಾರಾದರೂ ಪಿಸುಗುಟ್ಟಿದರೆ ಅಲ್ಲಿಂದ ಹೊರಡಿ. ನೆಲದಲ್ಲಿ ಸಿಕ್ಕಿದ ನಿಧಿಯನ್ನು ಸರ್ಕಾರಕ್ಕೆ ತಿಳಿಸಲೇಬೇಕು. ಬಿಲ್‌ನಲ್ಲಿ ನಾಣ್ಯದ ವಿವರ, ತೂಕ, ಫೋಟೋ ಇರಲಿ. ‘ನಕಲಿ ಎಂದು ಸಾಬೀತಾದರೆ ವಾಪಸ್’ ಎಂಬ ಸಾಲು ಬರೆಸಿಕೊಳ್ಳಿ. ಬ್ಯಾಂಕ್ ಮೂಲಕವೇ ಹಣ ಕೊಡಿ. ದಾಖಲೆ ಇರುವ ನಾಣ್ಯವನ್ನು ಮುಂದೆ ಮಾರುವುದೂ ಸುಲಭ.

11. ಮನೆಗೆ ಬಂದ ದಿನವೇ ದಾಖಲಿಸಿ

ನಾಣ್ಯ ತೊಳೆಯಬೇಡಿ, ಉಜ್ಜಬೇಡಿ. ಅಂಚು ಹಿಡಿದೇ ಎತ್ತಿ. ಪಿವಿಸಿ ಇಲ್ಲದ ಹೋಲ್ಡರ್‌ನಲ್ಲಿ ಇಡಿ. ಒಂದು ಎಕ್ಸೆಲ್ ಶೀಟ್ ತೆರೆದು ರಾಜ, ತೂಕ, ವ್ಯಾಸ, ಬೆಲೆ, ಮಾರಿದವರು, ದಿನಾಂಕ ತುಂಬಿ, ಎರಡೂ ಬದಿಯ ಫೋಟೋ ಸೇರಿಸಿ. ನಾಣ್ಯ ಬ್ಯಾಂಕ್ ಲಾಕರ್‌ಗೆ ಹೋಗಲಿ, ಶೀಟ್ ನಿಮ್ಮ ಬಳಿ ಇರಲಿ. ಆಮೇಲೆ ಆ ರಾಜನ ಬಗ್ಗೆ ಒಂದು ಪುಟ ಬರೆಯಿರಿ. ಬರೆದದ್ದು ಮರೆಯುವುದಿಲ್ಲ, ಮುಂದಿನ ಮೇಳದಲ್ಲಿ ಅದೇ ನಿಮ್ಮ ಬಂಡವಾಳ.

ಈ ಹನ್ನೊಂದರಲ್ಲಿ ಯಾವುದಕ್ಕೂ ದೊಡ್ಡ ಸಂಬಳ ಬೇಕಿಲ್ಲ. ಶಿಸ್ತು ಬೇಕು, ಓದು ಬೇಕು, ಬೇಡ ಎನ್ನುವ ಧೈರ್ಯ ಬೇಕು. ಓದಿಕೊಂಡು ಹೋದವನಿಗೆ ಒಂದು ಸಣ್ಣ ಹಣ ಕೊಂಡರೂ ಆ ದಿನ ಗೆಲುವೇ. ಸರಿಯಾದದ್ದು ಸಿಗದೆ ಏನನ್ನೂ ಕೊಳ್ಳದೆ ಬಂದರೂ ಗೆಲುವೇ. ಈಗಲೇ ಒಂದು ಹಾಳೆ ತೆಗೆದುಕೊಳ್ಳಿ. ಮೇಲೆ ನಿಮ್ಮ ಕ್ಷೇತ್ರ ಬರೆಯಿರಿ, ಕೆಳಗೆ ನಿಮಗೆ ಬೇಕಾದ ಮೂರು ನಾಣ್ಯ, ಪಕ್ಕದಲ್ಲಿ ಅವುಗಳ ತೂಕ ಮತ್ತು ನೀವು ಕೊಡಬಲ್ಲ ಗರಿಷ್ಠ ಬೆಲೆ. ಮುಂದಿನ ಮೇಳಕ್ಕೆ ಆ ಹಾಳೆಯೊಂದಿಗೆ ಹೋಗಿ, ಅದರಲ್ಲಿರುವುದನ್ನೇ ಕೊಳ್ಳಿ.